ಸೊಂಟ ಹಿಡಿದಾಗ ಕೈ ಎಲ್ಲಿಡಬೇಕು, ಎಷ್ಟು ಒತ್ತಬೇಕು

ಮಲೆನಾಡಿನಲ್ಲಿ ಸೊಂಟನೋವಿಗೂ ಎರಡು ಸುಗ್ಗಿ. ಮಳೆಗಾಲದಲ್ಲಿ ನಾಟಿ, ದೀಪಾವಳಿಯ ಆಚೀಚೆ ಶುರುವಾಗುವ ಅಡಿಕೆ ಕೊಯ್ಲು. ಗದ್ದೆಯಲ್ಲಿ ಇಡೀ ದಿನ ಬಗ್ಗಿದವರು ಸಂಜೆ ನೆಟ್ಟಗೆ ನಿಲ್ಲಲಾರದೆ ಬದುವಿನ ಮೇಲೆ ಕೂರುತ್ತಾರೆ. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿದವರಿಗೆ ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟ. ಆಗ ಮನೆಯಲ್ಲಿ ಮೂರು ಸಲಹೆ ಬರುತ್ತವೆ: ಎಣ್ಣೆ ಹಚ್ಚಿ ನೀವಿ, ಉಳುಕು ತೆಗೆಯುವವರ ಹತ್ತಿರ ಹೋಗಿ, ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿ. ಮೊದಲನೆಯದರಲ್ಲಿ ಹುರುಳಿದೆ. ಎರಡನೆಯದು ಯಾರ ಕೈ ಎನ್ನುವುದರ ಮೇಲಿದೆ. ಮೂರನೆಯದು ಬೇಡವೇ ಬೇಡ.

ಮನೆಯವರೇ ಮಾಡಬಹುದಾದ ಕೈಚಿಕಿತ್ಸೆಯನ್ನು ಇಲ್ಲಿ ಹಂತ ಹಂತವಾಗಿ ಹೇಳಿದೆ. ಫಿಸಿಯೋಥೆರಪಿಸ್ಟ್‌ಗೆ ಬಿಡಬೇಕಾದದ್ದು ಯಾವುದು, ಯಾರೂ ಕೈಯನ್ನೇ ಹಾಕಬಾರದ ಸೊಂಟ ಯಾವುದು ಎನ್ನುವುದೂ ಇದೆ.

ಕೈ ಮಾಡುವ ಕೆಲಸ ಏನು

ಸೊಂಟದಲ್ಲಿ ಬೆನ್ನುಮೂಳೆಯ ಐದು ಮಣಿಗಳಿವೆ. ಎರಡು ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್, ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೀಲು, ಇವನ್ನೆಲ್ಲ ಬಿಗಿದು ಕಟ್ಟಿದ ತಂತುಗಳು, ಮೇಲೆ ದಪ್ಪ ಸ್ನಾಯು. ಸೊಂಟನೋವೆಂದು ಬರುವ ಹತ್ತರಲ್ಲಿ ಒಂಬತ್ತು ಜನಕ್ಕೆ ಇಂಥದೇ ಭಾಗ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಗಾಗಿ ‘ಮೂಳೆ ಜಾರಿದೆ, ಕೂರಿಸಿಕೊಡುತ್ತೇನೆ’ ಎನ್ನುವ ಮಾತನ್ನು ನಂಬಬೇಡಿ. ಬಿದ್ದು ಪೆಟ್ಟಾಗದ ಬೆನ್ನಿನಲ್ಲಿ ಮಣಿಗಳು ಹಾಗೆ ಇದ್ದಕ್ಕಿದ್ದಂತೆ ಜಾರುವುದೂ ಇಲ್ಲ, ಕೈಯಲ್ಲಿ ತಳ್ಳಿದರೆ ಒಳಗೆ ಹೋಗಿ ಕೂರುವುದೂ ಇಲ್ಲ. ಹಿಡಿದು ತಿರುವಿದಾಗ ಬರುವ ‘ಟಕ್’ ಸದ್ದು ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಮೂಡುವಾಗಿನದು. ಬೆರಳು ನೆಟಿಗೆ ತೆಗೆದಾಗ ಬರುವುದೂ ಅದೇ ಸದ್ದು. ಸದ್ದು ಬಂದರೆ ಗುಣ, ಬಾರದಿದ್ದರೆ ಇಲ್ಲ ಎಂಬ ಲೆಕ್ಕವಿಲ್ಲ.

ಹಾಗಾದರೆ ನೀವಿದಾಗ ಹಗುರವಾಗುವುದು ಏಕೆ? ನೋವಾದ ಕೂಡಲೇ ಸುತ್ತಲಿನ ಸ್ನಾಯು ಕಾವಲಿಗೆ ನಿಂತಂತೆ ಬಿಗಿಯುತ್ತದೆ. ಆ ಬಿಗಿತಕ್ಕೇ ಮತ್ತಷ್ಟು ನೋವು. ಹದವಾದ ಒತ್ತಡ, ಬಿಸಿ, ನಿಧಾನದ ತೂಗಾಟ ಸಿಕ್ಕಾಗ ನರಗಳ ಮೂಲಕ ಮಿದುಳಿಗೆ ಬೇರೆ ಸುದ್ದಿ ಹೋಗುತ್ತದೆ, ನೋವಿನ ಸುದ್ದಿ ಮಂಕಾಗುತ್ತದೆ, ಕಾವಲು ಸಡಿಲವಾಗುತ್ತದೆ. ಈ ಸಡಿಲ ಕೆಲವು ಗಂಟೆ ಇರುತ್ತದೆ, ಹೆಚ್ಚೆಂದರೆ ಒಂದೆರಡು ದಿನ. ಆ ಹೊತ್ತಿನಲ್ಲಿ ಸೊಂಟವನ್ನು ಆಡಿಸಿದವರಿಗೆ ಲಾಭ. ಎಣ್ಣೆ ಒರೆಸಿಕೊಂಡು ಕಂಬಳಿ ಹೊದ್ದು ಮಲಗಿದವರಿಗೆ ನಾಳೆ ಮತ್ತೆ ಅದೇ ನೋವು.

ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯ ಪ್ರಕಾರ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಕೊಡಬೇಕು, ಅದೊಂದನ್ನೇ ಅಲ್ಲ. ಮೂರು ತಿಂಗಳು ದಾಟಿದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಸಾಜ್ ಮತ್ತು ಬೆನ್ನಿನ ಕೈಚಿಕಿತ್ಸೆಗೆ ಜಾಗವಿದೆ. ಸೊಂಟದ ಬೆಲ್ಟ್ ಮತ್ತು ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ಅದರ ‘ಬೇಡ’ದ ಪಟ್ಟಿಯಲ್ಲಿವೆ.

ಯಾವ ಸೊಂಟಕ್ಕೆ ಕೈ ಹಾಕಬಾರದು

ಎಣ್ಣೆ ಬಿಸಿ ಮಾಡುವ ಮೊದಲು ಐದು ನಿಮಿಷ ಪ್ರಶ್ನೆ ಕೇಳಿ.

ಮೂತ್ರ ಕಟ್ಟಿದೆಯೇ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆಯೇ? ಮಲದ ಮೇಲಿನ ಹಿಡಿತ ತಪ್ಪಿದೆಯೇ? ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಮರಗಟ್ಟಿದಂತಿದೆಯೇ? ಎರಡೂ ಕಾಲಿನ ಬಲ ಕುಗ್ಗುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದರೂ ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಅದುಮಿರಬಹುದು. ಇಲ್ಲಿ ಗಂಟೆಗಳ ಲೆಕ್ಕ. ತಡವಾದರೆ ಮೂತ್ರದ ಹಿಡಿತ ಮರಳದೇ ಹೋಗಬಹುದು. ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೊರಡಿ. ಸಾಗರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ 70 ಕಿ.ಮೀ. ಆಸುಪಾಸು ದಾರಿ. ಒಳಹಳ್ಳಿಯಾದರೆ, ಮಳೆಗಾಲವಾದರೆ, ಅದರ ಎರಡು ಪಟ್ಟು ಹೊತ್ತು ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಜ್ವರವಿದ್ದರೆ ನೀವಬೇಡಿ. ಎಲ್ಲ ಕಡೆಗೂ ಸಲ್ಲುವ ಈ ಮಾತು ನಮ್ಮ ಕಡೆ ಇನ್ನೂ ಮುಖ್ಯ. ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ ಸೊಪ್ಪು, ದರಗು ತರಲು ಹೋಗುವವರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಸೊಂಟ ಮುರಿದು ಹೋಗುವಂಥ ಮೈಕೈ ನೋವು ಬಂದರೆ ಮೊದಲು ನೆನಪಾಗಬೇಕಾದದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಗದ್ದೆ ಕೆಲಸದ ಕಾಲದಲ್ಲಿ ಜ್ವರದ ಜೊತೆ ಸೊಂಟ ಮತ್ತು ಮೀನಖಂಡ ಮುಟ್ಟಿದರೆ ನೋಯುತ್ತಿದ್ದು, ಕಣ್ಣು ಕೆಂಪಾಗಿದ್ದರೆ ಇಲಿ ಜ್ವರ ಇರಬಹುದು. ದನ ಸಾಕಿರುವ ಮನೆಯಲ್ಲಿ ಬಂದು ಹೋಗುವ ಜ್ವರ, ರಾತ್ರಿ ಬೆವರು, ವಾರಗಟ್ಟಲೆ ಸೊಂಟನೋವು ಕಂಡರೆ ದನಗಳಿಂದ ಹರಡುವ ಬ್ರೂಸೆಲ್ಲಾ ಸೋಂಕಿನ ಪರೀಕ್ಷೆ ಮಾಡಿಸಬೇಕು. ಬೆನ್ನುಮೂಳೆಯ ಕ್ಷಯವೂ ಹೀಗೆಯೇ ಮೆಲ್ಲಗೆ ಬರುತ್ತದೆ: ಸಂಜೆ ಜ್ವರ, ತೂಕ ಇಳಿಕೆ, ಒಂದು ಮಣಿಯ ಮೇಲೆ ತಟ್ಟಿದರೆ ಜೀವ ಹೋಗುವಷ್ಟು ನೋವು.

ಮರದಿಂದಲೋ ಏಣಿಯಿಂದಲೋ ಬಿದ್ದವರು, ಕ್ಯಾನ್ಸರ್ ಆದವರು, ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಬಚ್ಚಲಲ್ಲಿ ಜಾರಿ ಕುಕ್ಕರಿಸಿದ ವಯಸ್ಸಾದ ಹೆಂಗಸರು ಮೊದಲು ಎಕ್ಸ್‌ರೇ ತೆಗೆಸಿ ಬರಲಿ. ಮೂಳೆ ಸವೆದವರಿಗೆ ಸಣ್ಣ ಕುಕ್ಕರಿಕೆಗೂ ಮಣಿ ಕುಸಿಯುತ್ತದೆ. ತುಳಿಸುವ ಪದ್ಧತಿ ಅಪಾಯ ಎನ್ನುವುದೂ ಇದಕ್ಕೇ: ಬೋರಲು ಮಲಗಿದವರ ಬೆನ್ನ ಮೇಲೆ ಐವತ್ತು ಕಿಲೋ ಭಾರ ಒಂದೇ ಹಿಮ್ಮಡಿಯ ಅಗಲದಲ್ಲಿ ಬಿದ್ದರೆ ಸವೆದ ಮಣಿಯೂ ಪಕ್ಕೆಲುಬೂ ತಡೆಯುವುದಿಲ್ಲ.

ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಆ ಕಾಲನ್ನು ನೀವಲೇಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ಗಟ್ಟಿಯಾಗಿ ಒತ್ತಿದರೂ ಕಂದು ಕಟ್ಟುತ್ತದೆ. ಇನ್ನೊಂದು ನಮ್ಮ ಜಿಲ್ಲೆಯದೇ ವಿಷಯ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಲ್ಲೇ ಇರುವ ವಂಶಪಾರಂಪರ್ಯ ಕಾಯಿಲೆಯಲ್ಲಿ ಮುಖ್ಯವಾಗಿ ಸವೆಯುವುದು ತೊಡೆಸಂಧಿಯ ಕೀಲು. ಅಂಥ ಮನೆತನದವರು ‘ಸೊಂಟನೋವು’ ಎಂದರೆ ತೊಡೆಸಂಧಿಯನ್ನೇ ಮೊದಲು ಪರೀಕ್ಷಿಸಬೇಕು. ಬೆನ್ನು ನೀವುತ್ತಾ ಕೂತರೆ ದಿನ ಕಳೆಯುತ್ತದೆ ಅಷ್ಟೆ.

ಮೊದಲು ಅಳತೆ

ಅಳೆಯದೆ ಶುರು ಮಾಡಿದರೆ ಆಮೇಲೆ ಗುಣ ಸಿಕ್ಕಿತೋ ಇಲ್ಲವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ನೋವಿರುವವರನ್ನು ನಿಲ್ಲಿಸಿ, ಮಂಡಿ ಮಡಚದೆ ಮುಂದಕ್ಕೆ ಬಗ್ಗಲು ಹೇಳಿ. ಬೆರಳ ತುದಿ ಮಂಡಿಯ ತನಕ ಬಂತೋ, ಕಣಕಾಲಿನ ನಡುವಿಗೋ, ನೋಡಿಕೊಳ್ಳಿ. ಆಮೇಲೆ ಹಿಂದಕ್ಕೆ ಬಾಗಲಿ. ಎಷ್ಟು ಬಾಗಿದರು ಎನ್ನುವುದಕ್ಕಿಂತ ಯಾವ ಕಡೆ ಬಾಗಿದಾಗ ನೋವು ಕಾಲಿಗೆ ಇಳಿಯಿತು, ಯಾವ ಕಡೆ ಬಾಗಿದಾಗ ಹಗುರವಾಯಿತು ಎನ್ನುವುದನ್ನು ಬರೆದಿಡಿ. ನೋವಿಗೆ ಸೊನ್ನೆಯಿಂದ ಹತ್ತರ ತನಕ ಅಂಕ ಕೇಳಿ.

ನಂತರ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ. ಒಂದು ಪಾದ ಮೇಲೇಳದೆ ಪಟಪಟ ಬಡಿದರೆ, ಅಥವಾ ಕಾಲ ಹೆಬ್ಬೆರಳನ್ನು ನಿಮ್ಮ ಬೆರಳಿನ ಒತ್ತಡಕ್ಕೆ ಎದುರಾಗಿ ಎತ್ತಲಾಗದಿದ್ದರೆ ನರದ ಬಲ ಕುಗ್ಗಿದೆ, ಅದು ವೈದ್ಯರ ಕೆಲಸ. ಅಂಗಾತ ಮಲಗಿಸಿ ಒಂದು ಕಾಲನ್ನು ನೆಟ್ಟಗೆ ಮೆಲ್ಲಗೆ ಎತ್ತಿ. 30ರಿಂದ 70 ಡಿಗ್ರಿಯೊಳಗೆ ಮಂಡಿಯ ಕೆಳಗೆ ಮಿಂಚು ಹರಿದಂತಾದರೆ ಡಿಸ್ಕ್ ಪಕ್ಕದ ನರದ ಬೇರು ಕೆರಳಿರುವ ಸಾಧ್ಯತೆ ಹೆಚ್ಚು. ಬರೀ ತೊಡೆಯ ಹಿಂಭಾಗ ಸೆಳೆದರೆ ಅದು ಬಿಗಿದ ಸ್ನಾಯು, ಗಾಬರಿ ಬೇಡ.

ಜಾಗ, ಎಣ್ಣೆ, ಬಿಸಿ

ಸ್ಪಂಜಿನ ಹಾಸಿಗೆ ಬೇಡ. ನೀವು ಒತ್ತಿದ್ದೆಲ್ಲ ಹಾಸಿಗೆಗೇ ಹೋಗುತ್ತದೆ. ನೆಲಕ್ಕೆ ಕಂಬಳಿ ಹಾಸಿ ಮೇಲೆ ಜಮಖಾನ ಹಾಕಿದರೆ ಸಾಕು, ಪಕ್ಕದಲ್ಲಿ ನೀವು ಮಂಡಿಯೂರಿ ಕೂರಿ. ಮಂಚದ ಮೇಲೇ ಆಗಬೇಕೆಂದರೆ ಒಂದು ಮಂಡಿಯನ್ನು ಮಂಚದ ಮೇಲೆ ಊರಿ. ಮನೆಯ ಮಂಚ ತಗ್ಗು, ನೆಲದ ಮೇಲೆ ನಿಂತು ಬಗ್ಗಿ ನೀವಿದರೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿದವರು ಇಬ್ಬರಾಗುತ್ತಾರೆ.

ನೋವಿರುವವರು ಬೋರಲು ಮಲಗಲಿ. ಹೊಟ್ಟೆಯ ಕೆಳಗೆ ಒಂದು ತೆಳು ದಿಂಬು, ಕಣಕಾಲಿನ ಕೆಳಗೆ ಸುತ್ತಿದ ಟವೆಲ್. ಬೋರಲು ಮಲಗಲು ಆಗದವರು ಮಗ್ಗುಲಾಗಿ, ಮಂಡಿಗಳ ನಡುವೆ ದಿಂಬಿಟ್ಟು ಮಲಗಲಿ. ಬಸುರಿಯರಿಗೆ ಇದೊಂದೇ ಭಂಗಿ, ಅದೂ ಅವರನ್ನು ನೋಡುತ್ತಿರುವ ವೈದ್ಯರು ಒಪ್ಪಿದರೆ. ಊಟವಾಗಿ ಎರಡು ಗಂಟೆ ಕಳೆದಿರಲಿ.

ಮಲೆನಾಡಿನಲ್ಲಿ ಬಿಸಿಗೇನು ಬರ, ಬಚ್ಚಲ ಹಂಡೆ ಕಾದೇ ಇರುತ್ತದೆ. ಸೊಂಟದ ಮೇಲೆ ಹದ ಬಿಸಿನೀರು ಹುಯ್ದುಕೊಂಡು ಮೈ ಒರೆಸಿ ಬರಬಹುದು, ಇಲ್ಲವೇ ಬಿಸಿನೀರಿನ ರಬ್ಬರ್ ಚೀಲವನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಬಿಸಿ ಎಷ್ಟೆಂದು ತಿಳಿಯುವುದಿಲ್ಲ, ಚೀಲವನ್ನು ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡಿ. ಇಟ್ಟಿಗೆ ಕಾಯಿಸಿ ಇಡುವುದು ಬೇಡ, ಬೊಬ್ಬೆ ಬರುತ್ತದೆ. ಎಣ್ಣೆ ಕೊಬ್ಬರಿಯದಾದರೂ ಎಳ್ಳಿನದಾದರೂ ಎರಡು ಚಮಚ ಸಾಕು. ಕೈ ಜಾರುವುದಕ್ಕಷ್ಟೇ ಎಣ್ಣೆ. ಜಾಸ್ತಿಯಾದರೆ ಸ್ನಾಯು ಹಿಡಿತಕ್ಕೇ ಸಿಗುವುದಿಲ್ಲ. ಉಂಗುರ, ಬಳೆ ತೆಗೆದಿಡಿ, ಉಗುರು ಕತ್ತರಿಸಿರಲಿ.

ಕೈ ಇಡುವ ಕ್ರಮ

ಮೊದಲು ಜಾಗ ಗುರುತು ಹಾಕಿಕೊಳ್ಳಿ. ನಡುವಿನ ಮೇಲೆ ಕೈಯಿಟ್ಟು ನಿಂತಾಗ ಬೆರಳಿಗೆ ಸಿಗುವ ಮೂಳೆಯ ಅಂಚು ಇದೆಯಲ್ಲ, ಎರಡೂ ಬದಿಯ ಆ ಅಂಚನ್ನು ಅಡ್ಡಗೆರೆಯಿಂದ ಕೂಡಿಸಿದರೆ ಗೆರೆ ಸರಿಸುಮಾರು ನಾಲ್ಕನೆಯ ಮಣಿಯ ಮೇಲೆ ಹಾಯುತ್ತದೆ. ಅದರ ಕೆಳಗೆ, ಪಿರ್ರೆಗಳ ಸೀಳಿನ ಮೇಲುಗಡೆ ಅಂಗೈಯಗಲದ ಚಪ್ಪಟೆ ತ್ರಿಕೋನ ಮೂಳೆಯಿದೆ. ಈ ಮೂಳೆಯಿಂದ ಮೇಲೆ ಕೊನೆಯ ಪಕ್ಕೆಲುಬಿನ ತನಕ ಬೆನ್ನಿನಲ್ಲಿ ನಿಮ್ಮ ಕೆಲಸದ ಜಾಗ. ಕೊನೆಯ ಪಕ್ಕೆಲುಬಿನ ತುದಿ ತೇಲಾಡುವ ಎಲುಬು, ಅದನ್ನೂ ಮೂತ್ರಪಿಂಡ ಇರುವ ಅದರ ಒಳಮೂಲೆಯನ್ನೂ ಒತ್ತಬೇಡಿ.

ಮೊದಲ ಮೂರು ನಿಮಿಷ ಬರೀ ಉದ್ದ ನೀವಾಟ. ಎರಡೂ ಅಂಗೈಗಳನ್ನು ತ್ರಿಕೋನ ಮೂಳೆಯ ಮೇಲೆ ಚಪ್ಪಟೆಯಾಗಿಡಿ. ಮಣಿಗಳ ಉಬ್ಬು ಎರಡು ಅಂಗೈಗಳ ನಡುವೆ ಖಾಲಿ ಉಳಿಯಬೇಕು, ಮೂಳೆಯ ಮೇಲೆ ಕೈ ಹತ್ತಬಾರದು. ಮೊಣಕೈ ಮಡಚದೆ ನಿಮ್ಮ ಮೈಭಾರವನ್ನು ಮುಂದಕ್ಕೆ ಒರಗಿಸುತ್ತಾ ಪಕ್ಕೆಲುಬಿನ ತನಕ ಹೋಗಿ, ಹೊರಗೆ ತಿರುಗಿ, ಪಕ್ಕಗಳ ಮೇಲೆ ಹಗುರವಾಗಿ ವಾಪಸ್ ಬನ್ನಿ. ಹೋಗಲು ಐದಾರು ಸೆಕೆಂಡು, ಬರಲು ಅಷ್ಟೇ. ಹೊಸಬರು ಎಡವುವುದು ಇಲ್ಲೇ, ಕೈ ಓಡಿಸಿಬಿಡುತ್ತಾರೆ. ಗಡಿಬಿಡಿಯ ಕೈಗೆ ಸ್ನಾಯು ಬಿಗಿಯುತ್ತದೆ, ಸಾವಕಾಶದ ಕೈಗೆ ಬಿಡುತ್ತದೆ.

ಆಮೇಲೆ ಅಡ್ಡ ಒತ್ತು. ಎಡಬದಿ ನೋಯುತ್ತಿದ್ದರೆ ಬಲಬದಿಗೆ ಹೋಗಿ ಕೂರಿ. ಮಣಿಗಳ ಪಕ್ಕದಲ್ಲಿ ಹಗ್ಗದಂತೆ ಉದ್ದಕ್ಕೆ ಸಿಗುವ ಸ್ನಾಯುವಿನ ಒಳ ಅಂಚಿಗೆ, ಮೂಳೆಯಿಂದ ಎರಡು ಬೆರಳು ದೂರದಲ್ಲಿ, ಅಂಗೈ ಬುಡವನ್ನಿಡಿ. ಅದರ ಮೇಲೆ ಇನ್ನೊಂದು ಕೈ. ಆ ಹಗ್ಗವನ್ನು ನಿಮ್ಮಿಂದ ಆಚೆಗೆ, ಹೊರಗಡೆಗೆ ದೂಡಿ. ಐದು ಸೆಕೆಂಡು ಹಿಡಿದು ಬಿಡಿ. ಒಂದು ಜಾಗದಲ್ಲಿ ಆರೆಂಟು ಸಲ, ಹೀಗೆ ಕೆಳಗಿನಿಂದ ಮೇಲಕ್ಕೆ ಮೂರು ಜಾಗ. ಹೆಬ್ಬೆರಳಿನಿಂದ ಮಾಡಿದರೆ ಎರಡೇ ದಿನಕ್ಕೆ ನಿಮ್ಮ ಹೆಬ್ಬೆರಳ ಬುಡ ಸೋಲುತ್ತದೆ.

ಒತ್ತಡ ಎಷ್ಟು ಎನ್ನುವುದನ್ನು ಮಲಗಿದವರೇ ಹೇಳಬೇಕು. ಹತ್ತರಲ್ಲಿ ಮೂರು, ಹೆಚ್ಚೆಂದರೆ ನಾಲ್ಕು. ‘ಹಾ, ಅಲ್ಲೇ’ ಎನ್ನುವ ಸುಖದ ನೋವು ಸರಿ. ಉಸಿರು ಬಿಗಿಹಿಡಿದರೆ, ಕಾಲ್ಬೆರಳು ಮಡಚಿದರೆ, ಮುಖ ಕಿವುಚಿದರೆ ಅವರು ಬಾಯಲ್ಲಿ ಏನೇ ಹೇಳಲಿ, ನೀವು ಹೆಚ್ಚು ಒತ್ತುತ್ತಿದ್ದೀರಿ. ನಮ್ಮ ಕಡೆ ಹಿರಿಯರು ‘ಇನ್ನೂ ಗಟ್ಟಿ ಒತ್ತು ಮಾರಾಯ’ ಎನ್ನುತ್ತಲೇ ಇರುತ್ತಾರೆ, ಅವರ ಮಾತಿಗಿಂತ ಕಾಲ್ಬೆರಳನ್ನು ನಂಬಿ.

ಮೂರನೆಯದು ಪಿರ್ರೆ. ಸೊಂಟನೋವಿನ ಅರ್ಧ ಬಿಗಿತ ಅಲ್ಲಿ ಕೂತಿರುತ್ತದೆ, ಸಂಕೋಚಕ್ಕೆ ಎಲ್ಲರೂ ಬಿಟ್ಟುಬಿಡುತ್ತಾರೆ. ಬಟ್ಟೆಯ ಮೇಲಿನಿಂದಲೇ ಮಾಡಬಹುದು. ಒಂದು ಪಿರ್ರೆಯನ್ನು ನಾಲ್ಕು ಪಾಲು ಮಾಡಿಕೊಂಡು ಮೇಲಿನ ಹೊರಗಿನ ಪಾಲಿನಲ್ಲಿ ಮಾತ್ರ ಕೆಲಸ. ಸಡಿಲ ಮುಷ್ಟಿಯನ್ನಿಟ್ಟು ನಿಧಾನ ಒರಗಿ, ನೋಯುವ ಗಂಟು ಸಿಕ್ಕಲ್ಲಿ ಉಜ್ಜದೆ ಅರ್ಧ ನಿಮಿಷದಿಂದ ಒಂದು ನಿಮಿಷ ಹಾಗೇ ಹಿಡಿಯಿರಿ. ಕರಗಿದಂತೆ ಅನಿಸಿದಾಗ ಪಕ್ಕಕ್ಕೆ ಸರಿಯಿರಿ. ಕಾಲಿಗೆ ಜುಮ್ಮೆಂದರೆ ಸೊಂಟದಿಂದ ಕಾಲಿಗಿಳಿಯುವ ದೊಡ್ಡ ನರದ ಮೇಲೆ ಕೈ ಹೋಗಿದೆ, ಕೂಡಲೇ ತೆಗೆದು ಮೇಲಕ್ಕೆ ಹೊರಕ್ಕೆ ಬನ್ನಿ.

ಕೊನೆಯದು ತೂಗಾಟ. ಒಂದು ಅಂಗೈಯನ್ನು ತ್ರಿಕೋನ ಮೂಳೆಯ ಮೇಲಿಟ್ಟು, ಮೇಲೆ ಇನ್ನೊಂದು ಕೈಯಿಟ್ಟು, ಇಡೀ ಮೈ ತೊಟ್ಟಿಲಂತೆ ಎಡಕ್ಕೆ ಬಲಕ್ಕೆ ಆಡುವಷ್ಟು ಮೆಲ್ಲಗೆ ತೂಗಿ. ಸೆಕೆಂಡಿಗೆ ಒಂದು ಸಲ, ಅರ್ಧ ನಿಮಿಷ. ಬಿಟ್ಟು ಮತ್ತೆ, ಒಟ್ಟು ಮೂರು ಸಲ. ಏನೂ ಮಾಡಿದಂತೆ ಕಾಣದ ಈ ಹಂತವೇ ತೀರಾ ನೋವಿರುವ ಮೊದಲ ಮೂರು ದಿನಕ್ಕೆ ಅತ್ಯುತ್ತಮ. ಆ ದಿನಗಳಲ್ಲಿ ಅಡ್ಡ ಒತ್ತು ಬಿಟ್ಟು ಉದ್ದ ನೀವಾಟ ಮತ್ತು ಇದು, ಎರಡೇ ಮಾಡಿ. ಎಲ್ಲ ಸೇರಿ 15-20 ನಿಮಿಷ ದಾಟಬಾರದು.

ಎದ್ದ ಮೇಲಿನ ಇಪ್ಪತ್ತು ನಿಮಿಷ

ಎಣ್ಣೆ ಒರೆಸಿ, ಮಗ್ಗುಲಾಗಿ ತಿರುಗಿ, ಕೈಯೂರಿ ಎದ್ದು ನಿಲ್ಲಲಿ. ಮೊದಲಿನ ಅಳತೆಯನ್ನೇ ಮತ್ತೆ ತೆಗೆಯಿರಿ. ಬೆರಳು ನಾಲ್ಕು ಅಂಗುಲ ಕೆಳಗೆ ಹೋಯಿತೇ, ನೋವಿನ ಅಂಕ ಎರಡು ಇಳಿಯಿತೇ? ಹಾಗಾದರೆ ಇವತ್ತಿನ ಒತ್ತಡ ಸರಿ ಇತ್ತು.

ಈಗ ಮಲಗುವುದಲ್ಲ. ಹಿಂದಕ್ಕೆ ಬಾಗಿದಾಗ ಹಗುರವಾಗುತ್ತಿತ್ತು ಎಂದಿದ್ದರೆ: ಬೋರಲು ಮಲಗಿ, ಅಂಗೈಯನ್ನು ಭುಜದ ಪಕ್ಕ ಊರಿ, ಸೊಂಟವನ್ನು ನೆಲಕ್ಕೇ ಬಿಟ್ಟು ಎದೆಯನ್ನಷ್ಟೇ ಎತ್ತಬೇಕು. ಹತ್ತು ಸಲ. ದಿನದಲ್ಲಿ ಎರಡು ಮೂರು ಗಂಟೆಗೊಮ್ಮೆ. ಈ ವಿಧಾನವನ್ನು ಬಳಕೆಗೆ ತಂದವರು ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ. ಕಾಲಿಗೆ ಇಳಿದಿದ್ದ ನೋವು ಮೀನಖಂಡದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಂದೆ ಸರಿಯುತ್ತಿದ್ದರೆ ಸೊಂಟದ ನೋವು ತುಸು ಹೆಚ್ಚಾದರೂ ಅದು ಒಳ್ಳೆಯ ಲಕ್ಷಣ. ತಿರುಗಾಮುರುಗಾ ಆಗಿ ನೋವು ಪಾದದ ಕಡೆ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ.

ಮುಂದಕ್ಕೆ ಬಗ್ಗಿದಾಗ ಹಗುರ ಎನ್ನುವವರು ಬಹುತೇಕ ವಯಸ್ಸಾದವರು. ನಿಂತರೆ, ನಡೆದರೆ ಕಾಲು ಭಾರ, ಕೂತರೆ ಆರಾಮ. ಅವರಿಗೆ ಮೇಲಿನದು ಬೇಡ. ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ತಂದು ಹತ್ತು ಸೆಕೆಂಡು ಹಿಡಿಯುವುದು, ಬದಿಗೆ ಐದು ಸಲ.

ಎರಡೂ ಬಗೆಯವರಿಗೂ ಸೇರಿ: ಅಂಬೆಗಾಲಿನ ಭಂಗಿಯಲ್ಲಿ ಬೆನ್ನನ್ನು ಬೆಕ್ಕಿನಂತೆ ಗೂನು ಮಾಡಿ ಇಳಿಸುವುದು ಎಂಟು ಸಲ, ಮಂಡಿ ಮಡಚಿ ಮಲಗಿ ಸೊಂಟ ಮೇಲೆತ್ತುವುದು ಹತ್ತು ಸಲ, ಆಮೇಲೆ ಅಂಗಳದಲ್ಲಿ ಹತ್ತು ನಿಮಿಷ ನಡಿಗೆ. ಮಳೆ ಹೊಡೆಯುತ್ತಿದ್ದರೆ ಜಗಲಿಯಲ್ಲೇ ಆಗಬಹುದು.

ಎಷ್ಟು ದಿನ, ಯಾವಾಗ ಬಿಡಬೇಕು

ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ. ಮಾರನೆಯ ದಿನ ಸ್ನಾಯುವಿನಲ್ಲಿ ಸಣ್ಣ ನೋವು ಇದ್ದೀತು, ಒಂದೆರಡು ದಿನದಲ್ಲಿ ಇಳಿಯಬೇಕು. ಇಳಿಯದಿದ್ದರೆ, ಚರ್ಮ ಕಂದಿದ್ದರೆ, ಮುಂದಿನ ಸಲ ಅರ್ಧ ಒತ್ತಡ ಸಾಕು. ಹೊಸ ಸೊಂಟನೋವು ಹೆಚ್ಚಿನವರಲ್ಲಿ ಆರು ವಾರದೊಳಗೆ ಸಾಕಷ್ಟು ಕಡಿಮೆಯಾಗುತ್ತದೆ, ನೀವಿದರೂ ನೀವದಿದ್ದರೂ. ಕೈಯಿಂದ ಸಿಗುವುದು ಆ ಆರು ವಾರ ಓಡಾಡಿಕೊಂಡಿರುವ ಅನುಕೂಲ. ನಾಲ್ಕು ಸಲ ಮಾಡಿಯೂ ಅಳತೆ ಅಲ್ಲೇ ನಿಂತಿದ್ದರೆ ಐದನೆಯದನ್ನು ಅದೇ ರೀತಿ ಮಾಡಬೇಡಿ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಅವರ ಕೈಯಲ್ಲಿ ಇನ್ನೂ ಕೆಲವು ಮೆಟ್ಟಿಲುಗಳಿವೆ. ಆಸ್ಟ್ರೇಲಿಯಾದ ಜೆಫ್ರಿ ಮೈಟ್‌ಲ್ಯಾಂಡ್ ಕೀಲಿನ ಮೇಲಿನ ಒತ್ತಡವನ್ನು ದರ್ಜೆಗಳಾಗಿ ವಿಂಗಡಿಸಿದರು. ಒಂದು, ಎರಡು ನೋವು ತಗ್ಗಿಸುವ ಹಗುರ ತೂಗಾಟ. ನಾವು ಮೇಲೆ ಹೇಳಿದ್ದು ಅಷ್ಟು ಮಾತ್ರ. ಮೂರು, ನಾಲ್ಕು ಕೀಲಿನ ಬಿಗಿತದ ಕೊನೆಯ ತನಕ ಹೋಗುತ್ತವೆ. ಐದನೆಯದು ಮಿಂಚಿನ ವೇಗದ ಪುಟ್ಟ ಝಟಕಾ, ಮ್ಯಾನಿಪ್ಯುಲೇಷನ್ ಎನ್ನುತ್ತಾರೆ. ಮೂರರಿಂದ ಮೇಲೆ ಮನೆಯಲ್ಲಿ ಪ್ರಯತ್ನಿಸಬೇಡಿ, ಮೊಬೈಲ್‌ನಲ್ಲಿ ಎಷ್ಟೇ ವಿಡಿಯೋ ನೋಡಿರಿ. ನರದ ಬಲ ಕುಗ್ಗಿದವರಿಗೆ, ಮೂಳೆ ಸವೆದವರಿಗೆ ತಜ್ಞರೂ ಝಟಕಾ ಕೊಡುವುದಿಲ್ಲ.

ಚಿಕಿತ್ಸಕರನ್ನು ಹೇಗೆ ತೂಗುವುದು? ಫಿಸಿಯೋಥೆರಪಿ ಪದವಿ ಇದೆಯೇ ಕೇಳಿ, ಕೇಳಲು ನಾಚಿಕೆ ಬೇಡ. ಮುಟ್ಟುವ ಮೊದಲು ಮೂತ್ರದ ಬಗ್ಗೆ, ಕಾಲಿನ ಬಲದ ಬಗ್ಗೆ ಕೇಳಿದರೇ? ಇಂತಿಷ್ಟು ಸಲ ಬನ್ನಿ, ಅಷ್ಟರಲ್ಲಿ ಇಂತಿಷ್ಟು ಬದಲಾಗಬೇಕು ಎಂದರೇ? ಮನೆಯಲ್ಲಿ ಮಾಡಲು ವ್ಯಾಯಾಮ ಕೊಟ್ಟರೇ? ಮೂವತ್ತು ದಿನದ ಪ್ಯಾಕೇಜ್‌ಗೆ ಮೊದಲೇ ದುಡ್ಡು ಕಟ್ಟಿ ಎನ್ನುವವರಿಂದ ಮತ್ತು ಎಂಆರ್‌ಐ ಹಾಳೆ ತೋರಿಸಿ ‘ಡಿಸ್ಕ್ ಉಬ್ಬಿದೆ’ ಎಂದು ಹೆದರಿಸುವವರಿಂದ ದೂರವಿರಿ. ನೋವೇ ಇಲ್ಲದ ಎಷ್ಟೋ ಜನರ ಡಿಸ್ಕ್ ಕೂಡ ಎಂಆರ್‌ಐಯಲ್ಲಿ ಉಬ್ಬಿಕೊಂಡೇ ಕಾಣುತ್ತದೆ, ವಯಸ್ಸಾದಂತೆ ಹೆಚ್ಚು.

ಕೊಟ್ಟಿಗೆ, ಗದ್ದೆ, ಅಡಿಕೆ ಮನೆ

ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿಕೊಳ್ಳುತ್ತವೆ. ಎದ್ದ ಮೊದಲ ಅರ್ಧ-ಒಂದು ಗಂಟೆ ಬಗ್ಗಿದರೆ ಅವುಗಳ ಮೇಲೆ ದಿನದ ಬೇರೆ ಹೊತ್ತಿಗಿಂತ ಜಾಸ್ತಿ ಒತ್ತಡ. ನಮ್ಮ ಮನೆಗಳಲ್ಲಿ ಆ ಗಂಟೆಯಲ್ಲೇ ಸಗಣಿ ಬಾಚುವುದು, ಕುಕ್ಕರಗಾಲಲ್ಲಿ ಹಾಲು ಕರೆಯುವುದು, ಬಗ್ಗಿ ಅಂಗಳ ಗುಡಿಸುವುದು. ಸೊಂಟ ಹಿಡಿದ ವಾರದಲ್ಲಿ ಈ ಕ್ರಮವನ್ನೊಂದು ಬದಲಿಸಿ ನೋಡಿ: ಮೊದಲು ಒಲೆ ಹೊತ್ತಿಸಿ ಕಾಫಿ, ಅಂಗಳದಲ್ಲಿ ನಾಲ್ಕು ಸುತ್ತು, ಆಮೇಲೆ ಕೊಟ್ಟಿಗೆ. ಕರೆಯಲು ಮೊಳಕಾಲೆತ್ತರದ ಮಣೆ, ಬಾಚಲು ಉದ್ದ ಹಿಡಿಯ ಸಲಿಕೆ. ಹಸು ಅರ್ಧ ಗಂಟೆ ತಡವಾದರೆ ಕೂಗುತ್ತದೆ, ಎರಡು ದಿನಕ್ಕೆ ಒಗ್ಗಿಕೊಳ್ಳುತ್ತದೆ.

ನಾಟಿಯಲ್ಲಿ ಒಂದು ಸಾಲು ಮುಗಿದಾಗಲೆಲ್ಲ ಸೊಂಟಕ್ಕೆ ಕೈಕೊಟ್ಟು ಐದು ಸಲ ಹಿಂದಕ್ಕೆ ಬಾಗಿ. ಅಡಿಕೆ ಸುಲಿಯುವಾಗ ಮಣೆಯ ಮೇಲೆ ಮಡಚಿದ ಗೋಣಿಚೀಲ ಹಾಕಿ ಪಿರ್ರೆ ಮಂಡಿಗಿಂತ ಮೇಲಿರುವಂತೆ ಕೂರಿ, ಬೆನ್ನಿಗೆ ಗೋಡೆಯೋ ಕಂಬವೋ ಸಿಗಲಿ, ಅರ್ಧ ಗಂಟೆಗೊಮ್ಮೆ ಏಳಿ. ಸುಲಿದ ಅಡಿಕೆಯ ಬುಟ್ಟಿ ಪಕ್ಕಕ್ಕೆ ತಿರುಗಿ ಎತ್ತುವಂತಿರಬಾರದು, ಬಗ್ಗಿ ತಿರುಚಿ ಎತ್ತುವ ಆ ಒಂದು ಕ್ಷಣದಲ್ಲೇ ಸೊಂಟ ಹಿಡಿಯುವುದು. ಎದ್ದು, ಪಾದ ಸಮೇತ ಬುಟ್ಟಿಯ ಕಡೆ ತಿರುಗಿ, ಹೊಟ್ಟೆಗೆ ತಾಗಿಸಿಕೊಂಡು ಎತ್ತಿ. ಸೊಪ್ಪಿನ ಹೊರೆಯನ್ನು ಎರಡು ಮಾಡಿ ತನ್ನಿ.

ಬೆಲ್ಟ್ ಕಟ್ಟಿಕೊಂಡೇ ಕೆಲಸ ಮಾಡುತ್ತೇನೆ ಎನ್ನುವವರು ಬಹಳ. ಬಸ್ಸಿನಲ್ಲಿ ಘಾಟಿ ಇಳಿಯುವ ಒಂದು ದಿನಕ್ಕೆ ಕಟ್ಟಿಕೊಳ್ಳಲಿ, ಬೇಡವೆನ್ನುವುದಿಲ್ಲ. ತಿಂಗಳುಗಟ್ಟಲೆ ಕಟ್ಟಿದರೆ ಬೆಲ್ಟ್ ಇಲ್ಲದೆ ಬಗ್ಗಲು ಹೆದರಿಕೆಯಾಗುತ್ತದೆ, ಸೊಂಟಕ್ಕೆ ಆ ಹೆದರಿಕೆಯೂ ಒಂದು ಭಾರ. ಹಾಸಿಗೆ ಹಿಡಿಯುವುದೂ ಹಾಗೇ: ತೀರಾ ಆಗದ ಒಂದೆರಡು ದಿನ ಮಲಗಿ, ಮೂರನೆಯ ದಿನ ಬಚ್ಚಲಿಗೆ, ಅಡುಗೆಮನೆಗೆ, ನಾಲ್ಕನೆಯ ದಿನ ತೋಟದ ಉಣಗೋಲಿನ ತನಕ ನಡೆದು ಬನ್ನಿ. ಕತ್ತಿ, ಕೊಟ್ಟೆ ಏನನ್ನೂ ಜೊತೆಗೆ ಒಯ್ಯಬೇಡಿ, ಒಯ್ದರೆ ಕೈ ಸುಮ್ಮನಿರುವುದಿಲ್ಲ.